ಮಗ್ಗಿಯಷ್ಟೇ ಸಂಪ್ರದಾಯಸ್ಥ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸಭಿಕ ಬಂಧುಗಳೇ,

1907ರ ಜನವರಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆಗೆ ಹೊಸದಾಗಿ ಆರಿಸಿಬಂದ ಮೂವತ್ತನಾಲ್ಕು ವರ್ಷದ ವಕೀಲರೊಬ್ಬರು ರಾಜಧಾನಿ ಬಾಸ್ಟನ್ನಿಗೆ ಹೊರಟಾಗ, ಸಭಾಧ್ಯಕ್ಷರಿಗೆ ತೋರಿಸಲೆಂದು ಅವರ ಕೈಗೆ ಊರಿನ ಹಿರಿಯ ರಾಜಕಾರಣಿಯೊಬ್ಬರು ಒಂದು ಪರಿಚಯಪತ್ರ ಬರೆದುಕೊಟ್ಟಿದ್ದರು. ಅದರಲ್ಲಿದ್ದ ಶಿಫಾರಸು ಇಷ್ಟೇ: ಈತ ಮೈ ಸುಟ್ಟುಕೊಂಡ ಬೆಕ್ಕಿನ ಹಾಗೆ, ಕಣ್ಣಿಗೆ ಕಾಣುವುದಕ್ಕಿಂತ ವಾಸಿ. ಆ ವಕೀಲರ ಹೆಸರು ಕ್ಯಾಲ್ವಿನ್ ಕೂಲಿಜ್. ಮುಂದೆ 1923ರಲ್ಲಿ ಅವರು ತಮ್ಮ ದೇಶದ ಅಧ್ಯಕ್ಷರಾದರು, ಮಿತಭಾಷಿಯೆಂದು ಹೆಸರಾದರು ಎಂಬುದನ್ನು ತಾವೆಲ್ಲ ಕೇಳಿರುತ್ತೀರಿ. ಆದರೆ ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಆ ಅಧ್ಯಕ್ಷರ ವಿಚಾರವಾಗಿ ಅಲ್ಲ. ಒಂದು ಸಣ್ಣ ಊರಿನ ಬಾಡಿಗೆ ಮನೆಯಿಂದ ಹೊರಟು ರಾಜ್ಯದ ಶಾಸನಸಭೆಗೆ ಮತ ಕೇಳಿದ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಎಲ್ಲಿಂದ ಬಂದರು, ಯಾವ ನೀತಿಯ ಪರ ನಿಂತರು, ಎಲ್ಲಿ ನಿಲುವು ಬದಲಿಸಿದರು ಎಂಬುದಷ್ಟೇ ನನ್ನ ವಿಷಯ.

ಮೊದಲಿಗೆ ಒಂದು ಶಬ್ದದ ತೊಡಕನ್ನು ಬಿಡಿಸಿಕೊಳ್ಳೋಣ. ಕನ್ಸರ್ವೇಟಿವ್ ಎಂಬುದಕ್ಕೆ ನಾವು ಸಂಪ್ರದಾಯವಾದಿ ಎನ್ನುತ್ತೇವೆ. ಹಾಗೆಂದ ಕೂಡಲೇ ನಮ್ಮ ಮನಸ್ಸಿಗೆ ಮಡಿ, ಮೈಲಿಗೆ, ಪಂಚಾಂಗ ಇವೆಲ್ಲ ಬಂದುಬಿಡುತ್ತವೆ. ಬಲಪಂಥೀಯ ಎಂದರೆ ಇನ್ನೊಂದು ಬಗೆಯ ಚಿತ್ರ. ಕೂಲಿಜ್ ಅವರಿಗೆ ಇವೆರಡೂ ಸರಿಯಾಗಿ ಹೊಂದುವುದಿಲ್ಲ. ಮನೆಯ ಖರ್ಚಿನ ಪುಸ್ತಕವನ್ನು ದಿನಾ ರಾತ್ರಿ ಬರೆದಿಡುವ, ಹೊಸದೊಂದನ್ನು ಕೊಳ್ಳುವ ಮುಂಚೆ ಹಳೆಯದನ್ನು ಮೂರು ಸಲ ತಿರುಗಿಸಿ ನೋಡುವ ಯಜಮಾನನ ಸ್ವಭಾವವನ್ನು ಶಾಸನಸಭೆಗೆ ಒಯ್ದರೆ ಏನಾಗುತ್ತದೋ ಅದನ್ನೇ ಅವರ ಮಟ್ಟಿಗೆ ಕನ್ಸರ್ವೇಟಿವ್ ಎಂದು ತಿಳಿಯಬೇಕು.

ಆ ಸ್ವಭಾವ ಬಂದದ್ದು ವರ್ಮಾಂಟ್ ರಾಜ್ಯದ ಪ್ಲಿಮತ್ ನಾಚ್ ಎಂಬ ಗುಡ್ಡದ ಹಳ್ಳಿಯಿಂದ. ಅಲ್ಲಿ 1872ರ ಜುಲೈ 4ರಂದು ಅವರು ಹುಟ್ಟಿದರು. ತಂದೆ ಜಾನ್ ಕೂಲಿಜ್ ಊರಿನ ಅಂಗಡಿ ನಡೆಸುತ್ತಿದ್ದರು, ಬೇಸಾಯ ಮಾಡುತ್ತಿದ್ದರು, ಬೇರೆ ಬೇರೆ ಕಾಲದಲ್ಲಿ ಕಾನ್‌ಸ್ಟೇಬಲ್, ಕರ ವಸೂಲಿಗಾರ, ನೋಟರಿ ಮತ್ತು ರಾಜ್ಯದ ಶಾಸಕರೂ ಆಗಿದ್ದರು. ಅಂದರೆ ಆ ಹಳ್ಳಿಯ ಮಟ್ಟಿಗೆ ಸರ್ಕಾರವೆಂದರೆ ಹೆಚ್ಚುಕಡಿಮೆ ಅವರೇ. ತಾಯಿ ತೀರಿಕೊಂಡಾಗ ಹುಡುಗನಿಗೆ ಹನ್ನೆರಡು ವರ್ಷ. ಒಬ್ಬಳೇ ತಂಗಿ ಅದಾದ ಐದು ವರ್ಷಕ್ಕೆ ಹೋದಳು. ತಂದೆ ಕರ ವಸೂಲಿಗೆ ಹೊರಟಾಗ ಹುಡುಗ ಜೊತೆಗೆ ಹೋಗುತ್ತಿದ್ದನು. ಕರವೊಂದನ್ನು ಹಾಕಿದರೆ ಅದನ್ನು ಕಟ್ಟಲು ಎಲ್ಲೋ ಒಬ್ಬರು ಮೈಮುರಿದು ದುಡಿಯಲೇಬೇಕಾಗುತ್ತದೆ ಎಂಬುದು ಆ ಓಡಾಟದಲ್ಲಿ ತನಗೆ ತಿಳಿಯಿತೆಂದು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರ ಆರ್ಥಿಕ ನೀತಿಯ ಕುರಿತು ಎಷ್ಟೋ ಪುಟಗಳನ್ನು ಓದಿದ ಮೇಲೂ ನನಗೆ ಅದರ ಬೇರು ಈ ಒಂದು ಮಾತಿನಲ್ಲಿಯೇ ಇದೆ ಎನಿಸುತ್ತದೆ. ಸಿದ್ಧಾಂತದ ಓದು ಆಮೇಲಿನದು. ಮೊದಲು ಕಂಡದ್ದು ಬಾಗಿಲಲ್ಲಿ ನಿಂತು ನಾಣ್ಯ ಎಣಿಸುವ ರೈತನ ಕೈ.

1895ರಲ್ಲಿ ಆಮ್ಹರ್ಸ್ಟ್ ಕಾಲೇಜಿನ ಓದು ಮುಗಿಸಿ ಪಕ್ಕದ ನಾರ್ಥಾಂಪ್ಟನ್ ಊರಿಗೆ ಬಂದರು. ಕಾನೂನು ಕಾಲೇಜಿಗೆ ಹೋಗದೆ ಹಳೆಯ ಕ್ರಮದಂತೆ ವಕೀಲರ ಕಚೇರಿಯೊಂದರಲ್ಲಿ ಕೂತು ಕಾನೂನು ಕಲಿತು 1897ರಲ್ಲಿ ವಕೀಲಿಕೆಗೆ ತೊಡಗಿದರು. ಮರುವರ್ಷವೇ ನಗರಸಭೆಯ ಸದಸ್ಯ, ಬಳಿಕ ನಗರದ ವಕೀಲ, ಬಳಿಕ ನ್ಯಾಯಾಲಯದ ಗುಮಾಸ್ತೆ, ಹೀಗೆ ಒಂದೊಂದೇ ಮೆಟ್ಟಿಲು. ಅವರು ಒಮ್ಮೆ ಸೋತರು. ಆ ಸೋಲಿನ ಕಥೆ ಚೆನ್ನಾಗಿದೆ. 1905ರ ಅಕ್ಟೋಬರಿನಲ್ಲಿ ಕಿವುಡರ ಶಾಲೆಯ ಶಿಕ್ಷಕಿ ಗ್ರೇಸ್ ಗುಡ್‌ಹ್ಯೂ ಅವರನ್ನು ಮದುವೆಯಾಗಿ, ಕೂಡಲೇ ಊರಿನ ಶಾಲಾ ಸಮಿತಿಯ ಚುನಾವಣೆಗೆ ನಿಂತರು. ಸೋತ ಮೇಲೆ ನೆರೆಯವರೊಬ್ಬರು, ಶಾಲೆಯಲ್ಲಿ ಓದುವ ಮಕ್ಕಳಿರುವವರೇ ಆ ಸಮಿತಿಗೆ ಹೋಗಲಿ ಎಂದು ತಾನು ಎದುರಾಳಿಗೆ ಮತ ಹಾಕಿದೆನೆಂದು ಒಪ್ಪಿಕೊಂಡಾಗ, ಹೊಸ ಮದುಮಗ ಕೊಟ್ಟ ಉತ್ತರ: ‘ನನಗೂ ಸ್ವಲ್ಪ ಕಾಲಾವಕಾಶ ಕೊಡಬಹುದಿತ್ತು.’

1906ರ ಶರತ್ಕಾಲದಲ್ಲಿ ಶಾಸನಸಭೆಯ ಕೆಳಮನೆಗೆ ನಿಂತಾಗ ಅವರ ಪ್ರಚಾರದ ರೀತಿ ಗಮನಿಸತಕ್ಕದ್ದು. ಆಗ ಆ ರಾಜ್ಯದಲ್ಲಿ ಶಾಸಕರ ಅವಧಿ ಒಂದೇ ವರ್ಷ. ಗೆದ್ದವರು ಮುಂದಿನ ಶರತ್ಕಾಲಕ್ಕೆ ಮತ್ತೆ ಮತದಾರರ ಮನೆ ಬಾಗಿಲಿಗೆ ಬರಲೇಬೇಕು. ನಾರ್ಥಾಂಪ್ಟನ್ನಿನಲ್ಲಿ ಐರಿಷ್ ಮತ್ತು ಫ್ರೆಂಚ್ ಕೆನಡಿಯನ್ ಮೂಲದ ಕಾರ್ಮಿಕ ಕುಟುಂಬಗಳು ಬಹಳವಿದ್ದವು, ಅವರಲ್ಲಿ ಹೆಚ್ಚಿನ ಐರಿಷರು ಡೆಮಾಕ್ರಟಿಕ್ ಪಕ್ಷದವರು. ಕೂಲಿಜ್ ಆ ಮತದಾರರ ಬಳಿಗೇ ಹೋದರು. ಭಾಷಣವಿಲ್ಲ, ಭರವಸೆಗಳ ಪಟ್ಟಿಯಿಲ್ಲ; ನಿಮ್ಮ ಮತ ಬೇಕು, ಅದರ ಅಗತ್ಯ ನನಗಿದೆ, ಕೊಟ್ಟರೆ ಉಪಕಾರ ನೆನೆಯುತ್ತೇನೆ, ಇಷ್ಟೇ ಅವರ ಮಾತು. ಹಾಲಿ ಶಾಸಕರಾಗಿದ್ದ ಡೆಮಾಕ್ರಟಿಕ್ ಎದುರಾಳಿಯನ್ನು 264 ಮತಗಳಿಂದ ಸೋಲಿಸಿದರು. ಎದುರಾಳಿಯನ್ನು ಹಳಿಯದೆ, ಕೈಕುಲುಕುವಾಗ ನಗಲೂ ಬಾರದೆ ಚುನಾವಣೆ ಗೆಲ್ಲುತ್ತಿದ್ದ ಮನುಷ್ಯನೆಂಬುದು ನಮ್ಮ ಕಾಲದವರಿಗೆ ನಂಬಲು ಸ್ವಲ್ಪ ಕಷ್ಟವೇ.

ಇನ್ನು ನೀತಿಯ ಮಾತಿಗೆ ಬರೋಣ. ಪಕ್ಷದ ಹಣೆಪಟ್ಟಿ ನೋಡಿ ಲೆಕ್ಕ ಹಾಕುವವರು ತಪ್ಪುವುದೇ ಇಲ್ಲಿ. 240 ಮಂದಿಯ ಆ ಸಭೆಯಲ್ಲಿ ಈ ಸಂಪ್ರದಾಯಸ್ಥ ಸದಸ್ಯರು ಮಹಿಳೆಯರ ಮತಾಧಿಕಾರದ ಪರ ಇದ್ದರು. ಕೇಂದ್ರದ ಸೆನೆಟ್ ಸದಸ್ಯರನ್ನು ಶಾಸನಸಭೆಗಳ ಬದಲು ಜನರೇ ನೇರವಾಗಿ ಆರಿಸಬೇಕೆಂಬ ತಿದ್ದುಪಡಿಯ ಪರ ಇದ್ದರು. ಹೆಂಗಸರು ಮಕ್ಕಳ ದುಡಿಮೆಯ ಗಂಟೆಗಳಿಗೆ ಮಿತಿ ಹಾಕುವುದಕ್ಕೂ ಅವರ ಬೆಂಬಲವಿತ್ತು. ದೊಡ್ಡ ವ್ಯಾಪಾರಸಂಸ್ಥೆಗಳು ಒಂದು ಊರಿನ ಸಣ್ಣ ವರ್ತಕರನ್ನು ಮುಳುಗಿಸಲೆಂದೇ ಅಲ್ಲಿ ಮಾತ್ರ ಬೆಲೆ ಇಳಿಸಿ ಮಾರುವುದನ್ನು ತಡೆಯುವ ಮಸೂದೆಗೆ ದುಡಿದರು; ಅದು ಕೆಳಮನೆ ದಾಟಿ ಮೇಲ್ಮನೆಯಲ್ಲಿ ಬಿತ್ತು. ಅಂಗಡಿಕಾರನ ಮಗ ಇಂಥ ಮಸೂದೆಯ ಬೆನ್ನಿಗೆ ನಿಂತದ್ದು ಆಶ್ಚರ್ಯವಲ್ಲ. ಒಬ್ಬ ಕಾರ್ಮಿಕ ಇನ್ನೊಬ್ಬನನ್ನು ಮಾತಿನಿಂದ ಒಲಿಸಿ ಕೆಲಸ ಬಿಡಿಸುವುದಕ್ಕೆ ನ್ಯಾಯಾಲಯ ತಡೆಯಾಜ್ಞೆ ತರಬಾರದು ಎಂಬ ಮಸೂದೆಯನ್ನೂ ಅವರು ಬೆಂಬಲಿಸಿದರು, ಅದೂ ಬಿತ್ತು. ಆ ಬಗ್ಗೆ ಆತ್ಮಕಥೆಯಲ್ಲಿ ಅವರು ಬರೆದುದು ಅವರ ಮನಸ್ಸು ತಿರುಗಿದ ದಿಕ್ಕನ್ನು ತೋರಿಸುತ್ತದೆ: ಆ ಮಸೂದೆಯಲ್ಲಿ ಹುರುಳಿತ್ತು, ಆದರೆ ದುಡಿಯುವವನಿಗೆ ನಿಜವಾಗಿ ಬೇಕಾದದ್ದು ಧಣಿಯೊಂದಿಗೆ ಜಗಳವಾಡುವ ಕ್ರಮವಲ್ಲ, ಒಳ್ಳೆಯ ಕೂಲಿಯ ಖಾಯಂ ಕೆಲಸ ಸಿಗುವಂತೆ ದೇಶದ ಉದ್ಯಮ ನಡೆಯುವುದು ಎಂದು ತನಗೆ ಬರುಬರುತ್ತ ತೋರಿತು ಎನ್ನುತ್ತಾರೆ.

ಎರಡು ಅವಧಿಯ ಬಳಿಕ ಊರಿಗೆ ಹಿಂದಿರುಗಿ 1910 ಮತ್ತು 1911ರಲ್ಲಿ ನಾರ್ಥಾಂಪ್ಟನ್ನಿನ ಮೇಯರ್ ಆಗಿದ್ದಾಗ ನಗರದ ಸಾಲ ತಗ್ಗಿಸಿದರು, ಕರ ಇಳಿಸಿದರು, ಅದರ ನಡುವೆಯೇ ಶಿಕ್ಷಕರ ಸಂಬಳ ಏರಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವರು ಕೇಳಿರಲಾರರು, ಪಾಲಿಸಿದ್ದು ಮಾತ್ರ ಅದನ್ನೇ. 1910ರಲ್ಲಿ ತಂದೆ ವರ್ಮಾಂಟಿನ ಮೇಲ್ಮನೆಗೆ ಆಯ್ಕೆಯಾದಾಗ ಮಗ ಬರೆದ ಕಾಗದದಲ್ಲಿ ಒಂದು ಸಲಹೆಯಿದೆ: ಒಳ್ಳೆಯ ಮಸೂದೆ ಪಾಸು ಮಾಡುವುದಕ್ಕಿಂತ ಕೆಟ್ಟ ಮಸೂದೆಯನ್ನು ಕೊಲ್ಲುವುದು ಎಷ್ಟೋ ಹೆಚ್ಚಿನ ಕೆಲಸ. ಸಾಮಾನ್ಯವಾಗಿ ಇಂಥ ಕಾಗದ ತಂದೆಯಿಂದ ಮಗನಿಗೆ ಹೋಗುತ್ತದೆ. ಇಲ್ಲಿ ಶಾಸನಸಭೆಯ ಅನುಭವ ಮಗನದೇ ಹೆಚ್ಚು ತಾಜಾ ಆಗಿತ್ತು.

1912ರಲ್ಲಿ ಅವರು ನಲವತ್ತು ಸದಸ್ಯರ ರಾಜ್ಯ ಸೆನೆಟ್ಟಿನಲ್ಲಿ ಕೂತಾಗ ಎದುರಿಗೆ ಬಂದದ್ದು ಲಾರೆನ್ಸ್ ಪಟ್ಟಣದ ಗಿರಣಿ ಮುಷ್ಕರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೂಲಿಜ್ ಅವರ ಬಲ ಮತ್ತು ಕೊರತೆ ಎರಡೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಹೆಂಗಸರು ಮಕ್ಕಳ ದುಡಿಮೆಯನ್ನು ವಾರಕ್ಕೆ 56 ಗಂಟೆಯಿಂದ 54ಕ್ಕೆ ಇಳಿಸುವ ಕಾನೂನು ಆ ವರ್ಷದ ಜನವರಿ 1ರಿಂದ ಜಾರಿಗೆ ಬಂತು. ಉದ್ದೇಶ ಒಳ್ಳೆಯದೇ. ಆದರೆ ಗಂಟೆ ಕಡಿಮೆಯಾದದ್ದಕ್ಕೆ ಸರಿಯಾಗಿ ಗಿರಣಿಯವರು ಕೂಲಿಯನ್ನೂ ಕತ್ತರಿಸಿದರು. ಬಟವಾಡೆಯ ದಿನ ಲಕೋಟೆ ಬಿಚ್ಚಿದ ಕಾರ್ಮಿಕರಿಗೆ ಸುಮಾರು 32 ಸೆಂಟ್ ಕಡಿಮೆ ಬಂದಿತ್ತು. ನಮಗದು ಚಿಲ್ಲರೆ, ಅವರಿಗೆ ಅದು ಹಲವು ರೊಟ್ಟಿಗಳ ಬೆಲೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ, ಇಟಲಿ, ಪೋಲೆಂಡ್, ಸಿರಿಯಾ, ಲಿಥುವೇನಿಯಾಗಳಿಂದ ಬಂದು ಹತ್ತಾರು ಭಾಷೆಯಾಡುವವರು, ಚಳಿಯಲ್ಲಿ ಬೀದಿಗಿಳಿದರು. ರಾಜಿಗೆಂದು ಶಾಸನಸಭೆ ನೇಮಿಸಿದ ಸಮಿತಿಯ ಮುಂದಾಳತ್ವ ಕೂಲಿಜ್ ಅವರಿಗೆ ಬಂತು. ಮಾರ್ಚ್ ತಿಂಗಳಲ್ಲಿ ಕೂಲಿಯೇರಿಕೆಯೊಂದಿಗೆ ಮುಷ್ಕರ ಮುಗಿಯಿತು.

ಸಮಿತಿಯ ಅಧ್ಯಕ್ಷರಾಗಿ ಅವರು ತಾಳ್ಮೆಯಿಂದ ನಡೆದುಕೊಂಡರು ಎನ್ನಬೇಕು. ಆದರೆ ಅದೇ ಹೊತ್ತಿಗೆ ಮಲತಾಯಿಗೆ ಬರೆದ ಕಾಗದದಲ್ಲಿ ಅವರು ಹೇಳಿದ್ದು, ಅಲ್ಲಿನ ಮುಂದಾಳುಗಳು ಸಮಾಜವಾದಿಗಳು ಮತ್ತು ಅರಾಜಕತಾವಾದಿಗಳು, ಜಗಳ ಕೂಲಿಯ ಮೊತ್ತದ್ದಲ್ಲ, ಎಲ್ಲ ಬಗೆಯ ಅಧಿಕಾರವನ್ನು ಕೆಡಹುವ ಪ್ರಯತ್ನ ಎಂದು. ಮುಂದಾಳುಗಳ ವಿಚಾರದಲ್ಲಿ ಅವರು ಪೂರ್ತಿ ತಪ್ಪಿರಲಿಲ್ಲ. ಆದರೆ ಜಗಳ ಶುರುವಾದದ್ದು ಕೂಲಿಯ ಮೊತ್ತದಿಂದಲೇ. ವರ್ಮಾಂಟಿನ ರೈತ ಕರ ಕಟ್ಟಲು ಎಣಿಸಿದ ನಾಣ್ಯವನ್ನು ಕಂಡಿದ್ದ ಕಣ್ಣಿಗೆ ಲಾರೆನ್ಸಿನ ನೇಕಾರ ಹೆಂಗಸಿನ 32 ಸೆಂಟ್ ಕಾಣದೆ ಹೋಯಿತು. ನನ್ನ ದೃಷ್ಟಿಯಲ್ಲಿ ಅವರ ಮಿತವ್ಯಯದ ರಾಜಕಾರಣದ ದೊಡ್ಡ ಕುಂದು ಇದು. ಅವರ ಲೆಕ್ಕದ ಪುಸ್ತಕದಲ್ಲಿ ಕರ ಕಟ್ಟುವವನಿಗೆ ಒಂದು ಕಾಲಂ ಇತ್ತು, ಕೂಲಿ ಎಣಿಸುವವಳಿಗೆ ಇರಲಿಲ್ಲ.

ಹಾಗೆಂದು ಆ ಕಾನೂನಿನ ಅನುಭವ ವ್ಯರ್ಥವಾಗಲಿಲ್ಲವೆಂದು ನಾನು ಊಹಿಸುತ್ತೇನೆ. 1913ರ ಚುನಾವಣೆಯಲ್ಲಿ ಸೆನೆಟ್ಟಿನ ಅಧ್ಯಕ್ಷ ಲೀವೈ ಗ್ರೀನ್‌ವುಡ್ ಸೋತರು. ಅವರು ಮಹಿಳಾ ಮತಾಧಿಕಾರದ ವಿರೋಧಿಯಾಗಿದ್ದರಿಂದ ಹೋರಾಟದ ಮಹಿಳೆಯರು ಅವರ ಕ್ಷೇತ್ರದಲ್ಲಿ ಪಟ್ಟುಹಿಡಿದು ಪ್ರಚಾರ ಮಾಡಿದ್ದರು. ತೆರವಾದ ಪೀಠಕ್ಕೆ ಬೇಕಾದ ಮತಗಳನ್ನು ಕೂಲಿಜ್ ತಡಮಾಡದೆ ಕೂಡಿಸಿಕೊಂಡರು. ನಿಧಾನಿಯೆಂದು ಹೆಸರಾದವರು ಹೀಗೆ ರೈಲು ಹತ್ತುವುದರಲ್ಲಿ ಮಾತ್ರ ಎಂದೂ ಹಿಂದೆ ಬಿದ್ದವರಲ್ಲ. 1914ರ ಜನವರಿ 7ರಂದು ಆ ಪೀಠದಿಂದ ಅವರು ಮಾಡಿದ ಭಾಷಣ ಅವರ ನೀತಿಯ ತಿರುಳು. ದಿನದ ಕೆಲಸ ದಿನ ಮಾಡಿ, ಎನ್ನುತ್ತಾರೆ. ದುರ್ಬಲರ ಹಕ್ಕು ಕಾಯುವ ಕೆಲಸವಾದರೆ ಯಾರು ಬೇಡವೆಂದರೂ ಮಾಡಿ. ದೊಡ್ಡ ಕಂಪನಿಯೊಂದು ಜನರಿಗೆ ಇನ್ನೂ ಚೆನ್ನಾಗಿ ಉಪಯೋಗಕ್ಕೆ ಬರುವಂತೆ ನೆರವಾಗುವ ಕೆಲಸವಾದರೆ ಎಷ್ಟೇ ವಿರೋಧ ಬಂದರೂ ಅದನ್ನೂ ಮಾಡಿ. ವಿಜ್ಞಾನದಷ್ಟು ಕ್ರಾಂತಿಕಾರಿಯಾಗಲು ಹಿಂಜರಿಯಬೇಡಿ, ಮಗ್ಗಿಯಷ್ಟು ಹಳಬರಾಗಲೂ ಹಿಂಜರಿಯಬೇಡಿ. ಬಲವಿದ್ದವರನ್ನು ಕೆಳಕ್ಕೆಳೆದರೆ ಬಲವಿಲ್ಲದವರು ಮೇಲೇಳುತ್ತಾರೆಂದು ಎಣಿಸಬೇಡಿ. ಕಾನೂನು ಮಾಡಲು ಅವಸರಪಡಬೇಡಿ. ಮಾಡಿದ ಕಾನೂನನ್ನು ಆಡಳಿತ ಬಂದು ಮುಟ್ಟುವವರೆಗೆ ಕಾಯಿರಿ.

ಕೊನೆಯ ಮಾತನ್ನು ಓದುವಾಗಲೆಲ್ಲ ನನಗೆ ಲಾರೆನ್ಸಿನ ಆ ಬಟವಾಡೆಯ ಲಕೋಟೆ ನೆನಪಾಗುತ್ತದೆ. ಗಂಟೆ ಇಳಿಸಿದ ಕಾನೂನು ಕೂಲಿಯ ವಿಚಾರಕ್ಕೆ ಬಾಯಿ ಬಿಡಲಿಲ್ಲ. ಪರಿಣಾಮ ಬೀದಿಗೆ ಬಂತು. ಇದಕ್ಕೆ ಎರಡು ಪಾಠ ಸಾಧ್ಯ: ಕಾನೂನು ಅವಸರದ್ದಾಯಿತು ಎಂಬುದೊಂದು, ಕಾನೂನು ಅರ್ಧಕ್ಕೆ ನಿಂತಿತು ಎಂಬುದು ಇನ್ನೊಂದು. ಕೂಲಿಜ್ ಆರಿಸಿಕೊಂಡದ್ದು ಮೊದಲನೆಯದನ್ನು. ಆದರೂ ಅವರು ಅದರಲ್ಲಿ ಹಟಮಾರಿಯಾಗಿರಲಿಲ್ಲ. 1919ರಲ್ಲಿ ರಾಜ್ಯಪಾಲರಾದಾಗ ಹೆಂಗಸರು ಮಕ್ಕಳ ದುಡಿಮೆಯನ್ನು ವಾರಕ್ಕೆ 48 ಗಂಟೆಗೆ ಇಳಿಸಿದ ಮಸೂದೆಗೆ ಸಹಿ ಹಾಕಿದವರು ಅವರೇ. ಶಾಸಕರು ತಮ್ಮ ಸಂಬಳವನ್ನು ತಾವೇ ಏರಿಸಿಕೊಂಡ ಮಸೂದೆಯನ್ನು ಒಪ್ಪದೆ ಹಿಂದಿರುಗಿಸಿದವರೂ ಅವರೇ. ಅದೇ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನ ಪೊಲೀಸರು ಮುಷ್ಕರ ಹೂಡಿದಾಗ, ಸಾರ್ವಜನಿಕರ ಸುರಕ್ಷತೆಯ ವಿರುದ್ಧ ಮುಷ್ಕರ ಮಾಡುವ ಹಕ್ಕು ಯಾರಿಗೂ, ಎಲ್ಲಿಯೂ, ಯಾವಾಗಲೂ ಇಲ್ಲ ಎಂದ ಅವರ ತಂತಿ ಸಂದೇಶ ದೇಶವನ್ನೆಲ್ಲ ಸುತ್ತಿತು. ಮುಷ್ಕರ ಹೂಡಿದ ಸಾವಿರದ ನೂರಕ್ಕೂ ಹೆಚ್ಚು ಪೊಲೀಸರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಅವರ ಜಾಗಕ್ಕೆ ಬಂದ ಹೊಸಬರಿಗೆ ಹೆಚ್ಚಿನ ಸಂಬಳವನ್ನೂ ಪುಕ್ಕಟೆ ಸಮವಸ್ತ್ರವನ್ನೂ ಕೊಟ್ಟರು. ಹಳಬರು ಸಂಬಳದ ವಿಚಾರದಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಅವರ ಖಾಸಗಿ ಬದುಕಿನ ಲೆಕ್ಕದಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣುವುದಿಲ್ಲ. 1906ರಲ್ಲಿ ನಾರ್ಥಾಂಪ್ಟನ್ನಿನ ಮ್ಯಾಸಸಾಯಿಟ್ ಬೀದಿಯಲ್ಲಿ ಎರಡು ಸಂಸಾರಗಳಿಗೆಂದು ಕಟ್ಟಿದ ಮನೆಯ ಒಂದು ಭಾಗವನ್ನು ಬಾಡಿಗೆಗೆ ಹಿಡಿದಿದ್ದರು. ಹೆಂಡತಿ ಮಕ್ಕಳು ಅಲ್ಲಿ, ತಾವು ಅಧಿವೇಶನದ ದಿನಗಳಲ್ಲಿ ಬಾಸ್ಟನ್ನಿನ ಆಡಮ್ಸ್ ಹೌಸ್ ಎಂಬ ಅಗ್ಗದ ಹೋಟೆಲಿನ ಒಂದು ಕೋಣೆಯಲ್ಲಿ, ವಾರ ಮುಗಿದರೆ ರೈಲು ಹತ್ತಿ ಮನೆಗೆ. ಮ್ಯಾಸಚೂಸೆಟ್ಸ್ ರಾಜ್ಯ ತನ್ನ ರಾಜ್ಯಪಾಲರಿಗೆ ಬಂಗಲೆ ಕೊಡುತ್ತಿರಲಿಲ್ಲ. ಹೀಗಾಗಿ ರಾಜ್ಯದ ಅತಿ ದೊಡ್ಡ ಹುದ್ದೆಗೆ ಬಂದ ಮೇಲೂ ಕೂಲಿಜ್ ಅದೇ ಹೋಟೆಲಿನಲ್ಲಿ ಉಳಿದರು. ಇದ್ದ ಒಂದು ಕೋಣೆಯ ಪಕ್ಕದಲ್ಲಿ ಇನ್ನೊಂದನ್ನು ತೆಗೆದುಕೊಂಡರು.