ಮೇಷ್ಟ್ರ ಪೆನ್‌ಡ್ರೈವಿನಲ್ಲಿ ಏನಿರಬೇಕು?

(ಚಿಕ್ಕಬಳ್ಳಾಪುರದಲ್ಲಿ ಪ್ರೌಢಶಾಲಾ ಶಿಕ್ಷಕರ ಮುಂದೆ, ಪಾಠಕ್ಕೆ ನೆರವಾಗುವ ತಂತ್ರಾಂಶಗಳ ಬಗ್ಗೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತನ್ನು ನನಗೆ ಕೊಟ್ಟಿದ್ದಾರೆ. ಮುದ್ದೆ ಉಂಡು ಬಂದವರನ್ನು ಎಚ್ಚರವಾಗಿ ಕೂರಿಸುವುದು ಕಷ್ಟದ ಕೆಲಸ. ಅದಕ್ಕೇ ನನ್ನ ಮರ್ಯಾದೆ ಹೋದ ಕಥೆಯಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅರ್ಧವಾರ್ಷಿಕ ಪರೀಕ್ಷೆಗೆ ವಿಜ್ಞಾನದ ಪ್ರಶ್ನೆಪತ್ರಿಕೆ ತಯಾರು ಮಾಡಿದೆ. ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಕೂತು ಟೈಪ್ ಮಾಡಿದ್ದು. ಬೆಳಿಗ್ಗೆ ಪೆನ್‌ಡ್ರೈವ್ ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ಫೈಲ್ ತೆರೆದ. ಕನ್ನಡ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರುವ ಎ, ಅದರ ಪಕ್ಕದಲ್ಲಿ ಪೌಂಡಿನ ಗುರುತು. "ಸಾರ್, ಇದು ಕನ್ನಡ ಮೀಡಿಯಂ ಸ್ಕೂಲೇ ಅಲ್ವಾ?" ಅಂದ. ಬಿಳಿ ಹಾಳೆ ತೆಗೆದುಕೊಂಡು ಅಲ್ಲೇ ಸ್ಟೂಲ್ ಮೇಲೆ ಕೂತು ಕೈಯಲ್ಲಿ ಬರೆದೆ. ಆ ಸಲ ಮಕ್ಕಳಿಗೆ ಪ್ರಶ್ನೆಗಿಂತ ನನ್ನ ಅಕ್ಷರವೇ ಕಷ್ಟವಾಯಿತು.

ನಿಮ್ಮಲ್ಲಿ ನಗುತ್ತಿರುವವರಿಗೆಲ್ಲ ಇದು ಆಗಿದೆ ಅಂತ ನನಗೆ ಗೊತ್ತು.

ಆಗಿದ್ದು ಇಷ್ಟೇ. ನಾನು ಬಳಸಿದ್ದು ಹಳೆಯ ಕಾಲದ ಫಾಂಟು. ಅದರಲ್ಲಿ ಕಂಪ್ಯೂಟರ್ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರವೇ. ಮೇಲೆ ಮಾತ್ರ ಕನ್ನಡದ ವೇಷ. ಆ ಫಾಂಟು ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ. ಅದು ಎಲ್ಲಾ ಭಾಷೆಗಳ ಅಕ್ಷರಕ್ಕೂ ಒಂದೊಂದು ಸ್ವಂತ ಸಂಖ್ಯೆ ಕೊಡುವ ಏರ್ಪಾಡು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟರು. ಅಲ್ಲಿ 'ಕ' ಅಂದರೆ ಬೆಂಗಳೂರಿನಲ್ಲೂ 'ಕ', ಬಾಗೇಪಲ್ಲಿಯಲ್ಲೂ 'ಕ', ಫೋನಿನಲ್ಲೂ 'ಕ'.

ಇದು ಬರೀ ಪ್ರಿಂಟಿನ ಸಮಸ್ಯೆ ಅಲ್ಲ. ಕಣ್ಣು ಕಾಣದ ಮಗು ನಿಮ್ಮ ತರಗತಿಯಲ್ಲಿ ಇದ್ದರೆ ಎನ್‌ವಿಡಿಎ ಅನ್ನುವ ತಂತ್ರಾಂಶ ಇದೆ. ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ರೋಬೋಟಿನ ಥರ, ಆದರೆ ಅರ್ಥವಾಗುತ್ತದೆ. ಕಾಸು ಕೊಡಬೇಕಿಲ್ಲ. ಆದರೆ ನಿಮ್ಮ ನೋಟ್ಸ್ ಹಳೇ ಫಾಂಟಿನಲ್ಲಿದ್ದರೆ ಆ ಮಗುವಿಗೆ ಕೇಳಿಸುವುದು ಪಿ, ಎ, ಪೌಂಡ್. ಹಾಗಾಗಿ ಬೇರೆ ಏನು ಕಲಿಯದಿದ್ದರೂ ಪರವಾಗಿಲ್ಲ, ಇವತ್ತಿನಿಂದ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಚೆಂದದ ಅಕ್ಷರ ಬೇಕು ಅಂದರೆ ಗುಬ್ಬಿ, ನವಿಲು ಅಂತ ಮುಕ್ತ ಫಾಂಟುಗಳಿವೆ. ಲಿಬ್ರೆಆಫೀಸ್ ಹಾಕಿಕೊಳ್ಳಿ. ಪತ್ರ, ಅಂಕಪಟ್ಟಿ, ಸ್ಲೈಡು ಎಲ್ಲಾ ಅದರಲ್ಲೇ ಆಗುತ್ತದೆ. ಒಂದು ಕಿವಿಮಾತು: ಫಾಂಟಿನ ಕಿಟಕಿಯಲ್ಲಿ ಇಂಗ್ಲಿಷಿಗೆ ಒಂದು ಜಾಗ, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಜಾಗ ಇರುತ್ತದೆ. ಇಂಗ್ಲಿಷಿನ ಜಾಗದಲ್ಲಿ ಎಷ್ಟು ಬದಲಾಯಿಸಿದರೂ ಕನ್ನಡ ಅಲ್ಲಾಡುವುದಿಲ್ಲ. ಇದನ್ನು ಕಂಡುಕೊಳ್ಳೋಕೆ ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ಈಗ ಮುಖ್ಯ ಮಾತು. ನಮ್ಮ ಕಡೆ ಟೊಮೇಟೊ ಬೆಳೆಯುವವರು ಜಾಸ್ತಿ. ಹೈಬ್ರಿಡ್ ಬೀಜವನ್ನು ಕಂಪನಿಯವರು ಒಂದು ವರ್ಷ ಪುಕ್ಕಟೆ ಕೊಟ್ಟರು ಅಂತಿಟ್ಟುಕೊಳ್ಳಿ. ಬೆಳೆ ಚೆನ್ನಾಗಿಯೇ ಬರುತ್ತದೆ. ಆದರೆ ಅದರ ಹಣ್ಣಿನಿಂದ ಬೀಜ ತೆಗೆದು ಹಾಕಿದರೆ ಮುಂದಿನ ವರ್ಷ ಅದೇ ಬೆಳೆ ಬರುವುದಿಲ್ಲ. ಮತ್ತೆ ಅಂಗಡಿಗೇ ಹೋಗಬೇಕು. ನಾಟಿ ಬೀಜ ಹಾಗಲ್ಲ. ಎತ್ತಿಡಬಹುದು, ಪಕ್ಕದ ಹೊಲದವರಿಗೆ ಒಂದು ಹಿಡಿ ಕೊಡಬಹುದು. ತಂತ್ರಾಂಶದಲ್ಲೂ ಪುಕ್ಕಟೆ ಬೇರೆ, ನಾಟಿ ಬೇರೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಶುರು ಮಾಡಿದ ಕೆಲಸ ಈ ನಾಟಿ ಬೀಜದ್ದು, ಅಂದರೆ ಮುಕ್ತ ತಂತ್ರಾಂಶದ್ದು: ಬಳಸು, ಬಿಚ್ಚಿ ನೋಡು, ಬದಲಾಯಿಸು, ಬೇರೆಯವರಿಗೆ ಕೊಡು. ಬೆಲೆ ಇಲ್ಲದಿರುವುದು ಅದರಲ್ಲಿ ಸಣ್ಣ ವಿಷಯ.

ಈ ವ್ಯತ್ಯಾಸ ನಾನು ಕಲಿತದ್ದು ಪೆಟ್ಟು ತಿಂದೇ. ಒಂದು ಕ್ವಿಜ್ ವೆಬ್‌ಸೈಟಿನಲ್ಲಿ ಎರಡು ವರ್ಷ ಪ್ರಶ್ನೆ ತುಂಬಿಸಿದೆ. ಹೆಸರು ಬೇಡ ಬಿಡಿ. ಒಂದು ದಿನ ತೆರೆದರೆ, ದುಡ್ಡು ಕಟ್ಟಿದರೆ ಮಾತ್ರ ಹಳೆಯ ಪ್ರಶ್ನೆಗಳು ಸಿಗುತ್ತವೆ ಅಂತ ಬರೆದಿತ್ತು. ಪ್ರಶ್ನೆ ನನ್ನದು, ಬೀಗ ಅವರದು. ಆಮೇಲಿನಿಂದ ಯಾವ ಹೊಸ ಸಾಧನ ಕಂಡರೂ ಮೊದಲು ಕೇಳುವುದು, ನಾನು ಮಾಡಿದ್ದನ್ನು ಹೊರಗೆ ತೆಗೆದುಕೊಂಡು ಹೋಗೋಕೆ ಬಿಡ್ತೀಯಾ ಅಂತ. ಆಮೇಲೆ, ಶಾಲೆಯಲ್ಲಿ ನೆಟ್ ಹೋದಾಗ ನಿನ್ನ ಗತಿ ಏನು ಅಂತ.

ನೆಟ್ ವಿಷಯ ಬಂದಾಗ ಫೆಟ್ ನೆನಪಾಗುತ್ತದೆ. ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ತಾಣ ಅದು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಒಂದೊಂದು ಪ್ರಯೋಗವೂ ಒಂದೊಂದು ಫೈಲು. ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆ ಬ್ರೌಸರಿನಲ್ಲೇ ಓಡುತ್ತದೆ. ಕೆಲವು ಕನ್ನಡದಲ್ಲೂ ಇವೆ. ವಿದ್ಯುತ್ ಮಂಡಲದ ಪ್ರಯೋಗದಲ್ಲಿ ಎಲೆಕ್ಟ್ರಾನು ಹರಿಯುವುದು ಕಾಣುತ್ತದೆ. ನಿಜವಾದ ವೈರಿನಲ್ಲಿ ಅದು ಕಾಣಲ್ಲ. ಆದರೂ ನನ್ನ ಹಟ ಒಂದಿದೆ. ಲ್ಯಾಬಿನಲ್ಲಿ ಎರಡು ಶೆಲ್ಲು, ಎರಡು ಬಲ್ಬು ಇದ್ದರೆ ಮೊದಲು ಅದನ್ನೇ ಹೊತ್ತಿಸಿ. ಬಲ್ಬು ಬಿಸಿಯಾಗುವುದು ಪರದೆ ಮುಟ್ಟಿದರೆ ಗೊತ್ತಾಗುವುದಿಲ್ಲ.

ನನಗೆ ತುಂಬಾ ಇಷ್ಟದ್ದು ಸ್ಟೆಲೇರಿಯಂ. ಆಕಾಶ ತೋರಿಸುವ ಮುಕ್ತ ತಂತ್ರಾಂಶ. ನಮ್ಮ ಮಕ್ಕಳ ಮನೆಯಲ್ಲಿ ಅಜ್ಜ ಅಜ್ಜಿ ಮಳೆಗಳ ಹೆಸರು ಹೇಳುತ್ತಾರೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ. ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ ಅಂತ ಗಾದೆಯೇ ಇದೆ. ಜೂನ್ 22ರ ಹೊತ್ತಿಗೆ ಆರಿದ್ರಾ ಮಳೆ ಹುಟ್ಟುತ್ತದೆ. ಆ ಹೆಸರು ಯಾಕೆ ಬಂತು ಅಂತ ಒಂಬತ್ತನೇ ತರಗತಿಯಲ್ಲಿ ಕೇಳಿದೆ. "ಆಗ ರಾತ್ರಿ ಆ ನಕ್ಷತ್ರ ಕಾಣುತ್ತೆ ಸಾರ್" ಅಂದರು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಸ್ಟೆಲೇರಿಯಂ ತೆರೆದೆವು. ಊರು ಚಿಕ್ಕಬಳ್ಳಾಪುರ, ದಿನ ಜೂನ್ 22, ಬೆಳಿಗ್ಗೆ ಹತ್ತು ಗಂಟೆ. ಪರದೆ ತುಂಬಾ ನೀಲಿ ಆಕಾಶ, ಸೂರ್ಯ ಒಬ್ಬನೇ. ಕೀಬೋರ್ಡಿನಲ್ಲಿ 'ಎ' ಒತ್ತಿದೆ. ಗಾಳಿಯ ಪದರ ಮಾಯವಾಯಿತು. ಹಾಡಹಗಲಲ್ಲೇ ನಕ್ಷತ್ರಗಳು! ಸೂರ್ಯನಿಂದ ಸ್ವಲ್ಪ ದಕ್ಷಿಣಕ್ಕೆ ಕೆಂಪಗೆ ಆರಿದ್ರಾ. ಅಂದರೆ ಆ ದಿನಗಳಲ್ಲಿ ಅದು ಹಗಲು ಹೊತ್ತು ಸೂರ್ಯನ ಜೊತೆಗೇ ಇರುತ್ತದೆ, ರಾತ್ರಿ ಕಾಣುವುದೇ ಇಲ್ಲ. ಸೂರ್ಯ ಯಾವ ನಕ್ಷತ್ರದ ಹತ್ತಿರ ಇದ್ದಾನೋ ಮಳೆಗೆ ಅದರ ಹೆಸರು. ದಿನಗಳನ್ನು ಮುಂದಕ್ಕೆ ಓಡಿಸಿದರೆ ಸೂರ್ಯ ಪುನರ್ವಸು ಕಡೆಗೆ ಸರಿಯುತ್ತಾ ಹೋದ. ಒಬ್ಬ ಹುಡುಗ 365ನ್ನು 27ರಿಂದ ಭಾಗಿಸಿ, "ಹದಿಮೂರೂವರೆ ದಿನ ಸಾರ್, ಅದಕ್ಕೇ ಪಂಚಾಂಗದಲ್ಲಿ ಒಂದು ಮಳೆಗೆ ಹದಿಮೂರು, ಹದಿನಾಲ್ಕು ದಿನ" ಅಂದ. ಹಿಂದಿನ ಬೆಂಚಿನ ಹುಡುಗಿ ಒಬ್ಬಳು ಎದ್ದು, "ಹಾಗಾದ್ರೆ ಮಳೆ ಬರಿಸೋದು ನಕ್ಷತ್ರ ಅಲ್ಲ, ಅದು ಬರೀ ತಾರೀಖು ಅಲ್ವಾ ಸಾರ್?" ಅಂದಳು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರೂ ಭೌತಶಾಸ್ತ್ರದ ಮೇಷ್ಟ್ರೇ. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅಂತ ಜೀವನಪೂರ್ತಿ ಹೇಳಿದವರು. ಆ ಹುಡುಗಿಯ ಮಾತು ಅವರ ಕಿವಿಗೆ ಬೀಳಬೇಕಿತ್ತು.

ಭಾಷೆಯ ಮೇಷ್ಟ್ರುಗಳು, ಇದೆಲ್ಲ ವಿಜ್ಞಾನದವರಿಗೆ ಅಂತ ಆಕಳಿಸಬೇಡಿ. ಬಾಗೇಪಲ್ಲಿ, ಗುಡಿಬಂಡೆ ಕಡೆಯಿಂದ ಬಂದವರಿಗೆ ಗೊತ್ತಿದೆ, ಮನೆಯಲ್ಲಿ ತೆಲುಗು ಆಡುವ ಮಕ್ಕಳು ಎಷ್ಟೊಂದು. ಅವರಿಗೆ ಕನ್ನಡ ಬರುವುದಿಲ್ಲ ಅಂತಲ್ಲ, ಪುಸ್ತಕದ ಕನ್ನಡ ಹೆದರಿಸುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ತಾಣದಲ್ಲಿ ಒಂದೇ ಚಿತ್ರಕಥೆ ತೆಲುಗಿನಲ್ಲೂ ಕನ್ನಡದಲ್ಲೂ ಸಿಗುತ್ತದೆ. ಎರಡನ್ನೂ ಪ್ರಿಂಟ್ ಮಾಡಿ ಅಕ್ಕಪಕ್ಕ ಇಡಿ. ವಾನ, ಮಳೆ. ಚೆಟ್ಟು, ಮರ. ಇಲ್ಲು, ಮನೆ. ಮಗು ತನಗೆ ಗೊತ್ತಿರುವ ಕಡೆಯಿಂದ ನಡೆದು ಬರುತ್ತದೆ. ಯಾವ ಕಥೆ ನಿಮಗೆ ಬೇಕಾದ ಭಾಷೆಯಲ್ಲಿ ಇಲ್ಲವೋ ಅದನ್ನು ನೀವೇ ಅನುವಾದಿಸಿ ಅಲ್ಲೇ ಹಾಕಬಹುದು. ಯಾರ ಅಪ್ಪಣೆಯೂ ಬೇಡ, ಬರೆದವರ ಹೆಸರು, ಚಿತ್ರ ಬರೆದವರ ಹೆಸರು ಉಳಿಸಿದರೆ ಸಾಕು. ಕಥೆಯನ್ನು ಮಕ್ಕಳಿಂದ ಓದಿಸಿ ರೆಕಾರ್ಡ್ ಮಾಡುವುದಾದರೆ ಅಡಾಸಿಟಿ ಇದೆ. ಓದುವ ಮುಂಚೆ ಐದು ಸೆಕೆಂಡ್ ಎಲ್ಲರೂ ಸುಮ್ನಿರಿ. ಆ ಐದು ಸೆಕೆಂಡಿನ ಫ್ಯಾನಿನ ಸದ್ದನ್ನು ಅಡಾಸಿಟಿಗೆ ಗುರುತು ಹಿಡಿಸಿದರೆ, ಉಳಿದ ಕಡೆಯೂ ಅದನ್ನು ತಗ್ಗಿಸುತ್ತದೆ. ಶೀಟಿನ ಮೇಲೆ ಬೀಳುವ ಮಳೆಗೆ ಮಾತ್ರ ಅದರ ಹತ್ತಿರ ಮದ್ದಿಲ್ಲ.

ಗಣಿತದ ಚಿತ್ರ ಬರೆಯುವ ತಂತ್ರಾಂಶ ಜಿಯೋಜಿಬ್ರಾ ಬಗ್ಗೆ ಗಣಿತದವರಿಗೆ ನಾನು ಹೇಳಬೇಕಾಗಿಲ್ಲ. ಥೇಲ್ಸ್ ಪ್ರಮೇಯಕ್ಕೆ ಬೋರ್ಡಿನಲ್ಲಿ ಒಂದು ತ್ರಿಭುಜ ಬರೆಯುತ್ತೀರಿ; ಜಿಯೋಜಿಬ್ರಾದಲ್ಲಿ ಮೂಲೆ ಹಿಡಿದು ಎಳೆದರೆ ನೂರು ತ್ರಿಭುಜ. ಅನುಪಾತ ಮಾತ್ರ ಕದಲುವುದಿಲ್ಲ. ಆದರೆ ಅದು ಪೂರ್ತಿ ನಾಟಿ ಬೀಜ ಅಲ್ಲ, ವ್ಯಾಪಾರಕ್ಕೆ ಬಳಸುವವರಿಗೆ ಷರತ್ತುಗಳಿವೆ. ತರಗತಿಗೆ ತೊಂದರೆ ಇಲ್ಲ.

ಇವನ್ನೆಲ್ಲ ಕಲಿಸೋರು ಯಾರು ಅಂದರೆ, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿಬ್ರೆಆಫೀಸ್‌ನಂಥವುಗಳ ಪಾಠಗಳಿವೆ, ಹತ್ತು ನಿಮಿಷದ ಆಸುಪಾಸಿನವು. ಕನ್ನಡದ ದನಿಯಲ್ಲೂ ಸಿಗುತ್ತವೆ. ನಮ್ಮ ರಾಜ್ಯದ ಮೇಷ್ಟ್ರುಗಳೇ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವೂ ಇದೆ. ಸರ್ಕಾರಿ ಶಾಲೆಯಲ್ಲಿ ಇದೆಲ್ಲ ನಡೆಯುತ್ತಾ ಅಂತ ಯಾರಾದರೂ ಕೇಳಿದರೆ ಕೇರಳ ತೋರಿಸಿ. ಅಲ್ಲಿನ ಶಾಲೆಗಳ ಕಂಪ್ಯೂಟರುಗಳು ಎಷ್ಟೋ ವರ್ಷಗಳಿಂದ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಮುಕ್ತ ತಂತ್ರಾಂಶದ ಮೇಲೆಯೇ ಓಡುತ್ತಿವೆ.

ಟೀ ಬಂದಿದೆ ಅಂತ ಹಿಂದಿನಿಂದ ಸನ್ನೆ ಮಾಡುತ್ತಿದ್ದಾರೆ. ಕುಡಿದು ಲ್ಯಾಬಿಗೆ ಬನ್ನಿ. ನಾನು ಹೇಳಿದ್ದರಲ್ಲಿ ಡೌನ್‌ಲೋಡ್ ಆಗುವುದೆಲ್ಲ ಒಂದು ಡಿಸ್ಕಿನಲ್ಲಿ ತಂದಿದ್ದೇನೆ, ಕಾಪಿ ಮಾಡಿಕೊಳ್ಳಿ. ಹಳೇ ಫಾಂಟಿನ ಪ್ರಶ್ನೆಪತ್ರಿಕೆ ಇರುವವರು ಅದನ್ನೂ ತನ್ನಿ, ಯೂನಿಕೋಡಿಗೆ ಬದಲಾಯಿಸಿ ಕೊಡೋಣ. ನಿಮ್ಮ ಪೆನ್‌ಡ್ರೈವಿನಲ್ಲಿ ವೈರಸ್ ಇದ್ದರೆ ಮಾತ್ರ ನಾಚಿಕೊಳ್ಳದೆ ಮೊದಲೇ ಹೇಳಿಬಿಡಿ.