ಕಬ್ಬಿನ ಸೀಮೆಗೆ ಸಲ್ಲಬೇಕಾದ ಹೆಸರು

ಕೇಳುಗರೇ, ನಮಸ್ಕಾರ.

ಮುಧೋಳ, ಜಮಖಂಡಿ ಕಡೆಯ ರೈತರನ್ನು ಹೊಲದಲ್ಲಿ ಯಾವ ಕಬ್ಬು ಹಾಕಿದ್ದೀರಿ ಎಂದು ಕೇಳಿ ನೋಡಿ. ‘ಕೋ 86032’ ಎಂಬ ಉತ್ತರ ಮತ್ತೆ ಮತ್ತೆ ಬರುತ್ತದೆ. ಆ ‘ಕೋ’ ಎಂದರೆ ಕೊಯಮತ್ತೂರು. ಅಲ್ಲಿನ ಕಬ್ಬು ತಳಿ ಸಂಸ್ಥೆಯ ಗುರುತು. 1930ರ ದಶಕದಲ್ಲಿ ಅದೇ ಸಂಸ್ಥೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಕಬ್ಬಿನ ಒಳಗುಟ್ಟನ್ನು ಹುಡುಕಿದವರು ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್. ಕಬ್ಬಿನ ಮನೆಯಲ್ಲಿ ಹುಟ್ಟಿ ಬೆಳೆದ ನನಗೇ ಈ ಹೆಸರು ಕಿವಿಗೆ ಬಿದ್ದದ್ದು ಸಸ್ಯಶಾಸ್ತ್ರದ ಪಾಠ ಹೇಳಲು ತೊಡಗಿ ಎಷ್ಟೋ ವರ್ಷಗಳಾದ ಮೇಲೆ. ಆ ಸಂಕಟವೇ ಇಂದು ನನ್ನನ್ನು ಇಲ್ಲಿ ಮಾತಿಗೆ ಕೂರಿಸಿದೆ.

ಅವರು ಹುಟ್ಟಿದ್ದು 1897ರಲ್ಲಿ, ಕೇರಳದ ತಲಶ್ಶೇರಿಯಲ್ಲಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ 1931ರಲ್ಲಿ ಡಾಕ್ಟರೇಟ್ ಪಡೆದು ಮರಳಿದರು.

ಅವರ ಕೆಲಸದ ಕಷ್ಟ ಎಂಥದು ಎಂಬುದನ್ನು ಕಾಲೇಜಿನಲ್ಲಿ ಈರುಳ್ಳಿ ಬೇರಿನ ಪ್ರಯೋಗ ಮಾಡಿದವರು ಊಹಿಸಬಲ್ಲರು. ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ಮೇಲಿಟ್ಟು ವರ್ಣತಂತುಗಳನ್ನು, ಅಂದರೆ ಜೀವಕೋಶದೊಳಗೆ ವಂಶಗುಣಗಳನ್ನು ಹೊತ್ತ ಎಳೆಗಳನ್ನು (ಕ್ರೋಮೋಸೋಮ್) ಎಣಿಸಬೇಕು. ಈರುಳ್ಳಿಯಲ್ಲಿ ಇರುವುದು ಬರೀ 16. ಅಷ್ಟನ್ನು ಎಣಿಸುವಷ್ಟರಲ್ಲಿ ನನ್ನ ವಿದ್ಯಾರ್ಥಿನಿಯರ ಕಣ್ಣು ಸೋಲುತ್ತದೆ. ರಸಭರಿತ ಸಾಕು ಕಬ್ಬಿನಲ್ಲಿ ಅವು 80. ಹೊಳೆದಂಡೆಯಲ್ಲಿ ತಾನಾಗಿ ಬೆಳೆದು ಬೆಳ್ಳಗೆ ಸೂಲಂಗಿ ಬಿಡುವ ಕಾಡುಕಬ್ಬಿನಲ್ಲಿ 40ರಿಂದ 128ರವರೆಗೆ, ಒಂದೊಂದು ಸೀಮೆಯ ಗಿಡಕ್ಕೆ ಒಂದೊಂದು ಲೆಕ್ಕ. ಅಂಥ ಗಿಡಗಳ ವರ್ಣತಂತುಗಳನ್ನು ಅವರು ಎಣಿಸಿದರು. ಕಬ್ಬನ್ನು ಮೆಕ್ಕೆಜೋಳದೊಡನೆ ಸಂಕರ ಮಾಡಿ, 1938ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು.

ಸಂಖ್ಯೆ ಎಣಿಸಿದರೆ ರೈತನಿಗೇನು ಬಂತು ಎಂದು ಕೇಳಬಹುದು. ಸಾಕು ಕಬ್ಬಿಗೆ ಸಿಹಿ ಇದೆ, ಗಟ್ಟಿತನ ಕಡಿಮೆ. ಕಡಿದ ಬುಡದಿಂದ ಮತ್ತೆ ಚಿಗುರಿ ಕುಳೆ ಬೆಳೆ ಕೊಡುವ ಛಲ, ರೋಗ ತಡೆಯುವ ಕಸುವು ಬಹುಪಾಲು ಬಂದಿರುವುದು ಕಾಡುಕಬ್ಬಿನಿಂದ. ಆ ಎರಡನ್ನೂ ಬೆಸೆಯುವಾಗ ಒಳಗೆ ಏನು ನಡೆಯುತ್ತದೆ ಎಂದು ತಿಳಿಯಲು ಆ ಎಣಿಕೆ ಬೇಕಿತ್ತು. 86032 ಅವರು ತೆಗೆದ ತಳಿಯಲ್ಲ. ಹಾಗೆಂದು ಹೇಳಿ ಅವರನ್ನು ದೊಡ್ಡವರನ್ನಾಗಿಸುವ ಅಗತ್ಯವೂ ಇಲ್ಲ.

1935ರಲ್ಲಿ, ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಅವರನ್ನು ಫೆಲೋ ಆಗಿ ಆರಿಸಿತು. ಆದರೂ ಹೆಣ್ಣು, ಹಿಂದುಳಿದ ತಿಯ್ಯ ಸಮುದಾಯದವರು, ಒಂಟಿ ಎಂಬ ಕಾರಣಗಳಿಗೆ ಅವರು ಸಹಿಸಬೇಕಾಗಿ ಬಂದದ್ದು ಕಡಿಮೆಯಲ್ಲ. ಬಾಂಬು ಬೀಳುತ್ತಿದ್ದ ಲಂಡನ್ನಿಗೆ ಹೋಗಿ ದುಡಿದರು. ಬ್ರಿಟಿಷ್ ವಿಜ್ಞಾನಿ ಡಾರ್ಲಿಂಗ್ಟನ್ ಅವರೊಡನೆ ಸಾಗುವಳಿ ಸಸ್ಯಗಳ ವರ್ಣತಂತುಗಳ ಆಕರಗ್ರಂಥವನ್ನು 1945ರಲ್ಲಿ ಹೊರತಂದರು. ನೆಹರೂ ಕರೆದ ಮೇಲೆ ದೇಶಕ್ಕೆ ಬಂದರು. ಇಳಿವಯಸ್ಸಿನಲ್ಲಿ ಕೇರಳದ ಸೈಲೆಂಟ್ ವ್ಯಾಲಿಯ ಕಾಡು ಉಳಿಸಲು ದನಿ ಎತ್ತಿದರು.

1984ರ ಫೆಬ್ರುವರಿ 7ರಂದು, 86ನೆಯ ವಯಸ್ಸಿನಲ್ಲಿ, ಚೆನ್ನೈ ಬಳಿಯ ಮಧುರವಾಯಲ್‌ನಲ್ಲಿ ತೀರಿಕೊಂಡರು. ಆಮೇಲೆ ಕೇಂದ್ರ ಸರ್ಕಾರ ಸಸ್ಯ ವರ್ಗೀಕರಣಕ್ಕೆ ಅವರ ಹೆಸರಿನ ಪ್ರಶಸ್ತಿ ಸ್ಥಾಪಿಸಿತು. ಒಂದು ಗುಲಾಬಿಗೂ ಅವರ ಹೆಸರು ಬಂತು. ಸಂತೋಷ. ಆದರೆ ಕಬ್ಬು ಬೆಳೆಯುವ ನೆಲದಲ್ಲಿ? ಫೆಬ್ರುವರಿ ಎಂದರೆ ನಮ್ಮಲ್ಲಿ ಕಬ್ಬು ನುರಿಸುವ ಕಾಲ. ರಸ್ತೆ ತುಂಬ ಟ್ರ್ಯಾಕ್ಟರುಗಳು. ಅವರು ಹೋದ ದಿನ ಅವುಗಳ ನಡುವೆಯೇ ಸದ್ದಿಲ್ಲದೆ ಕಳೆದುಹೋಗುತ್ತದೆ.

ಈ ವರ್ಷ ನಮ್ಮ ಕಾಲೇಜಿನ ಹಿತ್ತಲಲ್ಲಿ ಮೂರು ಸಾಲು ನೆಡುತ್ತಿದ್ದೇವೆ. ಒಂದರಲ್ಲಿ ಹಳೆಯ ಸಾಕು ಕಬ್ಬು ರಸದಾಳಿ, ಒಂದರಲ್ಲಿ ಘಟಪ್ರಭೆಯ ದಂಡೆಯಿಂದ ಕಿತ್ತು ತಂದ ಕಾಡುಕಬ್ಬು, ನಡುವಿನ ಸಾಲಿನಲ್ಲಿ 86032. ಬದುವಿನ ಮೇಲಿನ ಫಲಕದಲ್ಲಿ ಹೆಸರನ್ನು ಪೂರ್ತಿಯಾಗಿ ಬರೆಸುತ್ತೇವೆ: ಎಡವಲತ್ ಕಕ್ಕಟ್ ಜಾನಕಿ ಅಮ್ಮಾಳ್. ಆ ದಾರಿಯಲ್ಲಿ ಬಂದರೆ ಗಾಡಿ ನಿಲ್ಲಿಸಿ ಓದಿ ಹೋಗಿ.

ನಮಸ್ಕಾರ.