ಗುಂಡು ಕವಚ ದಾಟಿದ ಮೇಲೆ ಉಳಿಯುವ ವೇಗ

ಕೇಳುಗರಿಗೆ ನಮಸ್ಕಾರ. ಪೆನ್ಸಿಲ್ಲು, ಕಾಗದ ಹತ್ತಿರದಲ್ಲಿದ್ದರೆ ಎತ್ತಿಕೊಳ್ಳಿ, ಇವತ್ತು ಒಂದು ಚಿಕ್ಕ ಲೆಕ್ಕವಿದೆ.

ಒಂದು ಉಕ್ಕಿನ ಫಲಕ. ಸೆಕೆಂಡಿಗೆ 600 ಮೀಟರ್ ವೇಗದವರೆಗೆ ಅದು ಗುಂಡನ್ನು ತಡೆಯುತ್ತದೆ ಎಂದಿಟ್ಟುಕೊಳ್ಳಿ. ಅದು ಮಿತಿವೇಗ. ಈಗ ಗುಂಡು 610ರಲ್ಲಿ ಬಡಿಯಿತು. ಆಚೆ ಎಷ್ಟು ವೇಗದಲ್ಲಿ ಹೊರಬರುತ್ತದೆ? ಹತ್ತು ಅನ್ನಿಸುತ್ತದೆ, ಅಲ್ಲವೇ? ಆದರೆ ಫಲಕ ಹೀರುವುದು ಚಲನಶಕ್ತಿಯನ್ನು, ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 610ರ ವರ್ಗ 3,72,100. ಅದರಲ್ಲಿ 600ರ ವರ್ಗ 3,60,000 ಕಳೆಯಿರಿ. ಉಳಿದ 12,100ರ ವರ್ಗಮೂಲ 110! ಅದೇ ಗುಂಡು 1000ದಲ್ಲಿ ಬಂದರೆ 800ರಲ್ಲಿ ಹೊರಡುತ್ತದೆ.

1963ರಲ್ಲಿ ರೆಕ್ಟ್ ಮತ್ತು ಇಪ್ಸನ್ ಎಂಬ ಸಂಶೋಧಕರು ಕೊಟ್ಟ ಸೂತ್ರದ ತಿರುಳು ಇದೇ. ಮೊಂಡು ಮೂತಿಯ ಗುಂಡಾದರೆ ಫಲಕದಿಂದ ಒಂದು ಬಿಲ್ಲೆಯನ್ನೇ ಕತ್ತರಿಸಿ ಮುಂದೆ ತಳ್ಳಿಕೊಂಡು ಹೋಗುತ್ತದೆ. ಗುಂಡು 10 ಗ್ರಾಂ, ಬಿಲ್ಲೆ 2 ಗ್ರಾಂ ಆದರೆ, ಬಂದ ಉತ್ತರವನ್ನು 10ರಿಂದ ಗುಣಿಸಿ 12ರಿಂದ ಭಾಗಿಸಬೇಕು. ಆಗ 110 ಸುಮಾರು 92ಕ್ಕೆ ಇಳಿಯುತ್ತದೆ.

ಆ 600 ಎಲ್ಲಿಂದ ಬಂತು? ಪರೀಕ್ಷಾ ಕಟ್ಟೆಯಿಂದ. ಮದ್ದನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತ ಗುಂಡು ಹಾರಿಸುತ್ತಾರೆ. ತೂರಿಹೋದವುಗಳಲ್ಲಿ ಅತಿ ನಿಧಾನದ ಮೂರು, ಸಿಕ್ಕಿಬಿದ್ದವುಗಳಲ್ಲಿ ಅತಿ ವೇಗದ ಮೂರು, ಈ ಆರರ ಸರಾಸರಿ ತೆಗೆಯುತ್ತಾರೆ. ವಿ-50 ಅನ್ನುವುದು ಇದನ್ನೇ. ಹೆಸರೇ ಹೇಳುವಂತೆ, ಈ ವೇಗದಲ್ಲಿ ಅರ್ಧದಷ್ಟು ಗುಂಡುಗಳು ತೂರಿಯೇ ತೂರುತ್ತವೆ. ಇದನ್ನು ಸುರಕ್ಷಿತ ವೇಗ ಎಂದುಕೊಂಡರೆ ಕೆಟ್ಟಿತು.

ಲೆಕ್ಕ ಕೆಡುವುದೂ ಈ ಮಿತಿಯ ಆಸುಪಾಸಿನಲ್ಲೇ. ಬಡಿಯುವ ವೇಗಕ್ಕೆ ಹೊರಬರುವ ವೇಗ ಎಷ್ಟೆಂದು ನಕ್ಷೆ ಬರೆದರೆ, ಅಲ್ಲಿ ವಕ್ರರೇಖೆ ಗೋಡೆಯಂತೆ ನೆಟ್ಟಗಿರುತ್ತದೆ. ವೇಗ ಅಳೆಯುವಾಗ ಐದು ಮೀಟರ್ ತಪ್ಪಿದರೂ ಉತ್ತರ ಹತ್ತಾರು ಮೀಟರ್ ಜಾರುತ್ತದೆ. ಗುಂಡು ಓರೆಯಾಗಿ ಬಡಿದರೆ, ಇಲ್ಲವೇ ಹಳೆಯ ತೂತಿನ ಪಕ್ಕಕ್ಕೇ ಬಿದ್ದರೆ, ಆ ಅಂಕಿಯನ್ನು ಪಟ್ಟಿಯಿಂದ ಕೈಬಿಡುವುದೇ ಮೇಲು.

ಇನ್ನೊಂದು ತಮಾಷೆ ಇದೆ. ಗಟ್ಟಿ ಉಕ್ಕಿನ ಗುಂಡು ಒಂದು ವೇಗದಲ್ಲಿ ಫಲಕವನ್ನು ತೂರುತ್ತದೆ. ವೇಗ ಇನ್ನೂ ಹೆಚ್ಚಿಸಿದರೆ ಬಡಿದ ಕೂಡಲೇ ತಾನೇ ಚೂರಾಗಿ ನಿಂತುಬಿಡುತ್ತದೆ! ಮತ್ತೂ ಹೆಚ್ಚಿಸಿದರೆ ಚೂರುಗಳೇ ತೂರಿಹೋಗುತ್ತವೆ. ಅಂಥ ಜೋಡಿಗೆ ಒಂದು ಮಿತಿವೇಗ ಸಾಲದು, ಮೂರು ಬರೆದಿಡಬೇಕು.